ಊಟಕ್ಕೆ ಬಿಚ್ಚಿದ ಬೇಡಿ

ಟೋಪಿಯ ಒಳಗಿನ ಚರ್ಮದ ಪಟ್ಟಿ ಬೆವರಿಗೆ ಕಪ್ಪಾಗಿ, ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಅದನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಮಳವಳ್ಳಿ ಕಡೆಯ ಆ ಪೇದೆ ಕೂತಿದ್ದರು. ನಿವೃತ್ತಿಗೆ ಹತ್ತಿರವಾದ ವಯಸ್ಸು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದ ನನಗೆ ಮಂಡ್ಯದಲ್ಲಿ, ಪೊಲೀಸರ ಮೇಲಿನ ಇಲಾಖಾ ವಿಚಾರಣೆಗಳಲ್ಲಿ ಹೇಳಿಕೆ ಬರೆದುಕೊಳ್ಳುವ ಕೆಲಸ. ಅಲ್ಲಿ ನಾನು ಮಾತಾಡುವ ಪದ್ಧತಿ ಇರಲಿಲ್ಲ. ನನಗೂ ಅದೇ ಹಿತವಾಗಿತ್ತು.

ಕೋರ್ಟಿಗೆ ಕರೆದೊಯ್ಯುತ್ತಿದ್ದ ಕೈದಿಯ ಕಡೆಯವರಿಂದ ಲಂಚ ತಿಂದು, ಮದ್ದೂರಿನ ಹೋಟೆಲಿನಲ್ಲಿ ಅವನ ಬೇಡಿ ಬಿಚ್ಚಿದರೆಂಬುದು ಈ ಪೇದೆಯ ಮೇಲಿನ ಆರೋಪ. ಸಾಬೀತಾದರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ.

ವಿಚಾರಣೆ ನಡೆಸುತ್ತಿದ್ದ ಸಾಹೇಬರು ಆರೋಪ ಓದಿ, "ಒಪ್ಪುತ್ತೀರಾ?" ಎಂದರು.

ಪೇದೆ ಎದ್ದು ಕೈ ಮುಗಿದರು. "ತಪ್ಪಾಯ್ತು ಬುಡಿ ಸ್ವಾಮಿ."

"ಒಪ್ಪಿದ್ದಾರೆ ಅಂತ ಬರ್ಕೊಳಮ್ಮ. ಮುಗೀತು."

ಚಿಕ್ಕವಳಿದ್ದಾಗ ನಮ್ಮೂರು ಯಲಿಯೂರಿನಲ್ಲಿ ಅಜ್ಜನ ಪಕ್ಕ ಕೂತು ಪಂಚಾಯಿತಿ ನೋಡಿದ್ದೆ. ಕಟ್ಟೆಗೆ ಬಂದವನು, ಸರಿಯೋ ತಪ್ಪೋ, ಮೊದಲು ಕೈ ಮುಗಿದು ತಪ್ಪಾಯಿತು ಅನ್ನುತ್ತಿದ್ದ. ಅದು ಹಿರಿಯರಿಗೆ ಮರ್ಯಾದೆ. ನ್ಯಾಯ ಶುರುವಾಗುತ್ತಿದ್ದುದೇ ಆಮೇಲೆ.

"ಸಾರ್, ಲಂಚ ತಗೊಂಡಿದ್ದನ್ನೂ ಒಪ್ಪಿದರು ಅಂತ ಬರೆಯಲಾ?"

ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು. ಸಾಹೇಬರು ಪೇದೆಯತ್ತ ನೋಡಿದರು.

"ಲಂಚನಾ? ಸಿವಸಿವಾ! ಬಲಗೈಗೆ ಬೇಡಿ ಆಕವ್ರೆ ಸ್ವಾಮಿ, ಎಡಗೈಲಿ ಮುದ್ದೆ ಉಣ್ಣು ಅನ್ನಕಾಯ್ತದಾ? ಅದ್ಕೇ ಬಿಚ್ದೆ."

"ಓಡಿಹೋಗಿದ್ದರೆ?"

"ಬಿಸಿ ಮುದ್ದೆ ಬುಟ್ಟು ಎಲ್ಲಿಗೋದಾನು!"

ಸಾಹೇಬರ ಮೀಸೆ ಅಲುಗಿತು. ಹೋಟೆಲಿನವನನ್ನು ಸಾಕ್ಷಿಗೆ ಕರೆಸಬೇಕೆಂದು ವಿಚಾರಣೆ ಮುಂದೂಡಿದರು.

ವರಾಂಡದಲ್ಲಿ ಪೇದೆ ನನಗಾಗಿ ಕಾದಿದ್ದರು. ಕೃತಜ್ಞತೆ ಹೇಳುತ್ತಾರೆಂದುಕೊಂಡೆ.

"ಅಲ್ಲೇ ಮುಗ್ದೋಗ್ತಿತ್ತು ಕಣಮ್ಮ. ಯಾಕೆ ಕೆದಕ್ದೆ?"

"ಕೆಲಸ ಹೋಗ್ತಿತ್ತು."

"ತಪ್ಪಾಯ್ತು ಅಂದೋನ ಒಟ್ಟೆ ಮ್ಯಾಲೆ ಯಾರಾದ್ರೂ ಒಡೀತಾರಾ? ಓದ್ದೋಳು ನೀನು, ಇಷ್ಟೂ ತಿಳೀದಾ?"

ಇಲಾಖೆಯಲ್ಲಿ ಹೊಡೆಯುತ್ತಾರೆಂದು ನನಗೆ ಗೊತ್ತಿತ್ತು. ಜೀವಮಾನವಿಡೀ ಖಾಕಿ ತೊಟ್ಟರೂ ಅವರು ಊರ ಕಟ್ಟೆಯ ಆ ನ್ಯಾಯವನ್ನೇ ನಂಬಿದ್ದರು. ಟೋಪಿ ಹಾಕಿಕೊಂಡು ಮಳವಳ್ಳಿ ಬಸ್ಸಿಗೆ ಹೊರಟರು.

ಮರುದಿನ ಬೆಳಿಗ್ಗೆ ಬೇಗ ಕಚೇರಿಗೆ ಹೋಗಿ, ಅವರ ಹೇಳಿಕೆಯನ್ನು ಅವರ ಮಾತಿನಲ್ಲೇ, ಮುದ್ದೆಯನ್ನೂ ಬಿಡದೆ, ಟೈಪು ಮಾಡಿದೆ. ಆಮೇಲೆ ಹೊಸ ಹಾಳೆ ಸಿಕ್ಕಿಸಿ ಮದ್ದೂರಿನ ಹೋಟೆಲಿನವನಿಗೆ ನೋಟೀಸು ಹೊಡೆದೆ.