ಹೊಸ ರಟ್ಟಿನ ಪ್ರಾರ್ಥನಾ ಪುಸ್ತಕ

ಶುಕ್ರವಾರ ಊಟಕ್ಕೆ ಬಂದ ಅತಿಥಿ ಕುಳಿತವರೇ ಕೇಳಿದ್ದು ನಮ್ಮ ಮನೆಯ ಹಳೆಯ ಪ್ರಾರ್ಥನಾ ಪುಸ್ತಕವನ್ನು. ತಪ್ಪು ನನ್ನದೇ. ಅದರ ಬಗ್ಗೆ ಕಾರಿನಲ್ಲೇ ಬಡಾಯಿ ಕೊಚ್ಚಿದ್ದೆ.

ಆಕೆ ಅಮೆರಿಕದ ಇತಿಹಾಸಕಾರ್ತಿ. ಎರಡು ಮೂರು ಶತಮಾನಗಳ ಹಿಂದೆ ಅಲ್ಲಿನ ಜನ ದೇವರನ್ನು ಹೇಗೆ ನಂಬಿದ್ದರು ಎಂಬುದು ಸಬ್ಜೆಕ್ಟ್. ಪುರಾವೆ ಹುಡುಕುವುದು ಮ್ಯೂಸಿಯಂ ಕಪಾಟುಗಳಲ್ಲಿ: ತೊಟ್ಟಿಲು, ಚಮಚ, ಓದಿ ಸವೆದ ಬೈಬಲ್. ಅಬುಧಾಬಿಯ ಒಂದು ಮ್ಯೂಸಿಯಂಗೆ ಸಲಹೆ ಕೊಡಲು ಬಂದಿದ್ದರು. ಅಲ್ಲಿ ಇಂಥವರ ಹೋಟೆಲು, ಕಾರು, ಪಾಸು ನೋಡಿಕೊಳ್ಳುವವನು ನಾನು. (ನನ್ನ ಡಿಗ್ರಿಯೂ ಇತಿಹಾಸದ್ದೇ. ನಗಬೇಡಿ.)

ಅಮ್ಮ ವಿಸಿಟ್ ವೀಸಾದಲ್ಲಿ ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬರುವಾಗ ಆ ಕೊಂಕಣಿ ಪುಸ್ತಕ ತಂದಿದ್ದಳು. ನಾನು ಅದನ್ನು ಅಲ್ ಕೂಜ್‌ನಲ್ಲಿ ಬೈಂಡಿಂಗಿಗೆ ಕೊಟ್ಟೆ. ಮರೂನ್ ರೆಕ್ಸಿನ್, ಮೇಲೆ ಚಿನ್ನದ ಬಣ್ಣದ ಶಿಲುಬೆ. "ಹರಿದದ್ದು, ಗೀಚಿದ್ದು ಎಲ್ಲ ತೆಗೆದು ನೀಟ್ ಮಾಡಿ" ಎಂದಿದ್ದೆ. ಗಲ್ಫಿನವರು ನಾವು. ಊರ ಮನೆಗೆ ಟೈಲ್ಸ್, ಅಪ್ಪನ ಗೋರಿಗೆ ಗ್ರಾನೈಟ್. ಪ್ರೀತಿ ತೋರಿಸಲು ನಮಗೆ ಬೇರೆ ದಾರಿ ಗೊತ್ತೇ?

ಬೈಂಡಿಂಗಿನಿಂದ ಬಂದ ಪೊಟ್ಟಣವನ್ನು ಅತಿಥಿಯೆದುರೇ ಬಿಚ್ಚಿದೆ. ಮೇಡಂ ಪ್ರಾರ್ಥನೆಗಳತ್ತ ಕಣ್ಣೂ ಹಾಯಿಸಲಿಲ್ಲ. ಮುಂದಿನ ರಟ್ಟು ತೆರೆದರು, ಹಿಂದಿನದು ತೆರೆದರು. ಎರಡೂ ಕಡೆ ಹೊಸ ಬಿಳಿ ಹಾಳೆ.

"ಇಲ್ಲಿದ್ದ ಹಳೆಯ ಹಾಳೆಗಳೆಲ್ಲಿ? ನಾನು ಮೊದಲು ಓದುವುದು ಅವನ್ನೇ. ಮನೆಯಲ್ಲಿ ಹುಟ್ಟಿದವರು, ಸತ್ತವರು ಎಲ್ಲ ಅಲ್ಲಿರುತ್ತಾರೆ."

ಅಮ್ಮನಿಗೆ ಅದನ್ನು ಕೊಂಕಣಿಯಲ್ಲಿ ಹೇಳಿದೆ. ಆಕೆ ಪುಸ್ತಕ ಎತ್ತಿಕೊಂಡು ಹಿಂದಿನ ಹಾಳೆ ಸವರಿದಳು.

"ನಿನ್ನ ಅಕ್ಕ ಇದರಲ್ಲಿದ್ದಳಲ್ಲ?"

ನನಗಿಂತ ಮೊದಲು ಹುಟ್ಟಿ ಹನ್ನೊಂದೇ ದಿನ ಬದುಕಿದ ಮಗು. ಜ್ಞಾನಸ್ನಾನವಾಗಿರಲಿಲ್ಲ, ಹಾಗಾಗಿ ಇಗರ್ಜಿಯ ದಾಖಲೆಯಲ್ಲಿಲ್ಲ. ಫೋಟೋ ಇಲ್ಲ, ಗೋರಿಗೆ ಕಲ್ಲೂ ಇಲ್ಲ. ಇದ್ದದ್ದು ಅಮ್ಮ ಬರೆದ ಒಂದು ಸಾಲು. ಮಾಸಿದ ಆ ಶಾಯಿಯನ್ನು ನಾನು ಕಂಡಿದ್ದೆ, ಓದುವ ಗೋಜಿಗೆ ಹೋಗಿರಲಿಲ್ಲ. ಇತಿಹಾಸ ಓದಿದವನು!

ಬೈಂಡರ್‌ಗೆ ಫೋನ್ ಮಾಡಿದೆ. "ಪುರಾನಾ ಸಬ್ ಖಲಾಸ್, ಭಾಯ್. ಆಪ್ ಹೀ ಬೋಲಾ ನಾ?" ಎಂದ. ಹಳೆಯದೆಲ್ಲ ಕಸಕ್ಕೆ ಹೋಗಿತ್ತು, ಹಾಗೆ ಮಾಡಲು ಹೇಳಿದವನೂ ನಾನೇ.

"ಈಗಲೇ ಮತ್ತೆ ಬರೆಯಿರಿ" ಎಂದು ಮೇಡಂ ತಮ್ಮ ಪೆನ್ನು ಕೊಟ್ಟರು. ಅಮ್ಮ ಹೇಳಿದಂತೆ ಬಿಳಿ ಹಾಳೆಯ ಮೇಲೆ ಅಕ್ಕನ ಹೆಸರು ಬರೆದೆ. ತಾರೀಕು ಕೇಳಿದೆ.

ಅಮ್ಮ ಬೆರಳು ಮಡಿಸಿ ತಿಂಗಳು ಎಣಿಸಿದಳು.

"ಮಳೆಗಾಲ ಅಂತ ಮಾತ್ರ ಗೊತ್ತುಂಟು, ಮಗಾ. ಬರೆದಿಟ್ಟಿದ್ದೇನಲ್ಲ ಅಂತ ತಾರೀಕು ನೆನಪಿಟ್ಟುಕೊಳ್ಳಲೇ ಇಲ್ಲ."