ಕೆಂಡದ ಪಾತ್ರೆಯಲ್ಲಿ ಬಂದ ರಾಜಕುಮಾರ

ರಿಯಾಝ್ ಖತೀಜಳ ಹೊಟ್ಟೆಯಲ್ಲೇ ಹುಟ್ಟಿದವನು. ಅಲ್ಲವೆಂದು ಹಬ್ಬಿಸಿದವಳು ನಾನು. ಗೊತ್ತಿದ್ದೇ ಹಬ್ಬಿಸಿದೆ.

ಮೊನ್ನೆ ಮೊಮ್ಮಗಳು ಪೇಪರಿನಲ್ಲಿ ಒಂದು ವ್ಯಂಗ್ಯಚಿತ್ರ ತೋರಿಸಿ ನಕ್ಕಳು. ಯಾವನೋ ದೊಡ್ಡ ಮನುಷ್ಯ ತೊಟ್ಟಿಲ ಕೂಸನ್ನು ಎತ್ತಿ ತನ್ನ ಕುರ್ಚಿಯಲ್ಲಿ ಕೂರಿಸುತ್ತಿದ್ದ. ನನಗೆ ನಗು ಬರಲಿಲ್ಲ. ದೋಹಾದ ನಜ್ಮಾ ಎಂಬಲ್ಲಿ ನಮಗಿದ್ದ, ಚಿತ್ರಗಳಿಗೆ ಫ್ರೇಮು ಹಾಕುವ ಅಂಗಡಿ ನೆನಪಾಯಿತು. ತೊಂಬತ್ತರ ದಶಕದ ಮಾತು. ಬಂಡವಾಳ ಭಾವನದ್ದು, ಎಂದರೆ ನನ್ನ ಗಂಡನ ಅಣ್ಣನದ್ದು, ಖತೀಜಳ ಗಂಡನದ್ದು. ಗಾಜು ಕೊಯ್ದು ಬೆರಳು ಸೀಳಿಸಿಕೊಂಡವರು ನನ್ನ ಗಂಡ. ಆ ಬೆರಳುಗಳಿಗೆ ಎಣ್ಣೆ ಹಚ್ಚುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಭಾವ ಎದೆನೋವಿನಿಂದ ತೀರಿಕೊಂಡಾಗ ರಿಯಾಝನಿಗೆ ಆರು ವರ್ಷ. ನಮ್ಮಲ್ಲಿ ಸಾಕುಮಗನಿಗೆ ಪಾಲಿಲ್ಲ. ಮಕ್ಕಳಿಲ್ಲದವನದ್ದು ಹೆಚ್ಚಿನಂಶ ತಮ್ಮನಿಗೆ ಬರುತ್ತದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಇಂಥದ್ದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಖತೀಜ ಬಸುರಿಯಾದದ್ದು ಮದುವೆಯಾಗಿ ಹದಿನಾರು ವರ್ಷಕ್ಕೆ. ಡಾಕ್ಟರು ಮಲಗಿಯೇ ಇರಬೇಕೆಂದದ್ದರಿಂದ ಐನ್ ಖಾಲಿದ್ ಎಂಬಲ್ಲಿದ್ದ ತಮ್ಮ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಗೆ ಒಯ್ಯುವ ಕಾರು ಬರುವ ಮೊದಲೇ ಮಗು ಬಂತು; ಆಸ್ಪತ್ರೆಯ ಕಾಗದ ಮಾಡಿಸಿದ್ದು ಆಮೇಲೆ. ಆಗ ಕೋಣೆಯಲ್ಲಿದ್ದವಳು ನಾನೊಬ್ಬಳೇ. ನನ್ನ ಈ ಕೈಗಳಿಗೇ ಬಿದ್ದ.

ಸಾವಿನ ಮನೆಯಲ್ಲಿ ಹೆಂಗಸರೊಡನೆ ಕೂತು ನಾನು ಕೇಳಿದ್ದು ಇಷ್ಟೇ: "ಖತೀಜಳ ಹೊಟ್ಟೆ ಕಂಡವರು ಯಾರಾದರೂ ಉಂಟಾ?"

"ಆಸ್ಪತ್ರೆಯ ಕಾಗದ ಉಂಟಲ್ಲ," ಎಂದಳು ಒಬ್ಬಳು.

"ಕಾಗದ ಮಾಡಿಸ್ಲಿಕ್ಕೆ ಎಷ್ಟು ಹೊತ್ತು ಮಾರಾಯ್ತಿ?"

ಅಷ್ಟು ಸಾಕಾಯಿತು. ವಾರದೊಳಗೆ ಮಾತು ಊರಿಗೂ ಮುಟ್ಟಿತು. ಶುಕ್ರವಾರ ಜುಮಾ ನಮಾಜು ಮುಗಿಸಿ ನಮ್ಮ ಹಿರಿಯರು ಪಾಲಿನ ತೀರ್ಮಾನಕ್ಕೆ ಕೂರುವುದು, ನನ್ನನ್ನು ಕೇಳುವುದು ಎಂದಾಯಿತು. ಮಗು ಬಂದಾಗ ನಾನು ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದೆ, ಏನೂ ನೋಡಿಲ್ಲ ಎಂದು ಹೇಳುವ ತಯಾರಿಯಲ್ಲಿದ್ದೆ. ಖತೀಜ ಫೋನು ಮಾಡಿದಳು.

"ನೀನೇ ಹಿಡಿದದ್ದಲ್ವಾ ಅವನನ್ನು? ಹೇಗೆ ಮನಸ್ಸು ಬಂತು ನಿಂಗೆ?"

"ನನಗೆ ಎಂತದೂ ನೆನಪಿಲ್ಲ ಅಕ್ಕ," ಎಂದು ಫೋನು ಇಟ್ಟೆ.

ಬುಧವಾರ ಮೈಸೂರಿನ ರಾಯರೊಬ್ಬರು ಅಂಗಡಿಗೆ ಬಂದರು. ಅಲ್ ಗರಾಫಾ ಬಡಾವಣೆಯಲ್ಲಿದ್ದ ತಮ್ಮ ಬಿಳಿಯ ಸಾಹೇಬರು ಕೊಟ್ಟು ಕಳಿಸಿದ ಹಳೆಯ ಅಚ್ಚಿನ ಚಿತ್ರವೊಂದಕ್ಕೆ ಫ್ರೇಮು ಹಾಕಿಸಬೇಕಿತ್ತು. ನಾನು ಅಂಟು ಕಲಸುತ್ತ ಕೂತಿದ್ದೆ. ಗಂಡ ಎಂದಿನಂತೆ ಅಂಚು ಕತ್ತರಿಸಲು ಹೊರಟಾಗ ರಾಯರು ಕೈ ಅಡ್ಡ ಹಿಡಿದರು. "ಕೆಳಗಿನ ಬರಹ ಕತ್ತರಿಸ್ಬೇಡಿ ಸಾಬ್ರೆ. ಗೇಲಿಯೆಲ್ಲ ಅಲ್ಲೇ ಇದೆ."

ಚಿತ್ರದಲ್ಲಿ ಒಬ್ಬ ರಾಣಿ, ಒಂದು ತೊಟ್ಟಿಲು, ಕೂಸಿನ ಹತ್ತಿರ ಆಟದ ಗಾಳಿಗಿರಣಿ.

"ಗಿರಣಿ ಯಾಕೆ?" ಎಂದೆ.

"ಗಿರಣಿಯವನ ಮಗು ಅಂತ ಅಣಕ ಅಮ್ಮಾ. ಹಾಸಿಗೆ ಬೆಚ್ಚಗೆ ಮಾಡೋ ಕೆಂಡದ ಪಾತ್ರೆಯಲ್ಲಿ ಬಚ್ಚಿಟ್ಟು ರಾಣಿ ಮಗ್ಗುಲಿಗೆ ತಂದರು ಅಂತ ಪುಕಾರು. ನಮ್ಮ ಸಾಹೇಬರ ದೇಶದ್ದು, ಮುನ್ನೂರು ವರ್ಷದ ಹಿಂದಿನ ಕಥೆ. ಇಂಥ ಚಿತ್ರಗಳನ್ನ ಅಚ್ಚು ಹಾಕಿ ಬೀದೀಲಿ ಮಾರಿದ್ರಂತೆ, ಜನ ಕೊಂಡು ನಗೋರಂತೆ."

"ಮಗು ರಾಣಿಯದ್ದೇ ಹೌದಾ?"

"ಹೌದು ಅಂತಾರೆ. ಹೆರಿಗೆ ಕೋಣೇಲಿ ಹತ್ತಾರು ಜನ ನಿಂತು ನೋಡಿದ್ರಂತೆ. ಆದ್ರೂ ಅವನಿಗೆ ಪಟ್ಟ ಸಿಗಲಿಲ್ಲ. ಪರದೇಶದಲ್ಲೇ ಮುದುಕನಾಗಿ ಸತ್ತ."

ಗಂಡ ಗಾಜು ಒರೆಸುತ್ತ ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ರಿಯಾಝನ ಬಗ್ಗೆ ನಾನು ಹೇಳಿದ್ದನ್ನು ಅವರು ನಿಜವೆಂದೇ ನಂಬಿದ್ದರು. ಹತ್ತಾರು ಜನ ನೋಡಿದ ಮಗುವಿಗೇ ಹೀಗಾಯಿತು. ಖತೀಜಳ ಮಗನಿಗೆ ಇದ್ದದ್ದು ಎರಡು ಕಣ್ಣು, ಅವೂ ನನ್ನವು. ನನಗೆ ಮನಸ್ಸು ಕರಗಿತೆಂದು ನೀವು ತಿಳಿಯಬೇಡಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಅಷ್ಟೇ. ಅಂಟು ಕೈಯಲ್ಲೇ ಒಣಗಿತು.

ಮರುದಿನ ಬೆಳಿಗ್ಗೆ, ಶುಕ್ರವಾರಕ್ಕೆ ಕಾಯದೆ, ಹಿರಿಯರಾದ ಹಾಜಿಯವರ ಮನೆಗೆ ಹೋಗಿ ಹೇಳಿದೆ: "ನಾನು ಒಳಗೇ ಇದ್ದೆ. ಮಗು ಅವಳದ್ದೇ. ಸುಳ್ಳು ನನ್ನದು." ಅವರು ನನ್ನ ಮುಖ ನೋಡದೆ, "ಖಲಾಸ್, ಮಾತು ಮುಗಿಯಿತು. ಇನ್ನು ಹೋಗು," ಎಂದರು.

ಅಲ್ಲಿಂದ ಖತೀಜಳ ಮನೆಗೆ ಹೋದೆ. ಬಾಗಿಲು ತೆರೆದವನು ರಿಯಾಝ್.

"ನಿನ್ನ ಉಮ್ಮನನ್ನು ಕರೆ," ಎಂದೆ.

"ಯಾವ ಉಮ್ಮ?" ಎಂದು ಕೇಳಿದ. ಹೆತ್ತ ತಾಯಿ ಬೇರೆಯೆಂಬ ನನ್ನ ಸುಳ್ಳು ಅವನ ಕಿವಿಗೂ ಬಿದ್ದಿತ್ತು.

ನಾನು ಹೊಸ್ತಿಲಲ್ಲೇ ಕೂತು, ಅವನು ಹುಟ್ಟಿದ ಮಧ್ಯಾಹ್ನದ್ದನ್ನು ಮೊದಲಿನಿಂದ ಹೇಳತೊಡಗಿದೆ.