ಹಸಿಯಾಗಿಯೇ ಮಡಚಿಟ್ಟ ಕೌದಿ

ನಿನ್ನ ಅಮ್ಮ ಹೊಲಿದ ಕೌದಿಗಳನ್ನು ಹಾಳು ಮಾಡಿದ್ದು ಮಳೆಗಾಲವಲ್ಲ, ಸುಲೋಚನಕ್ಕ — ನಾನು. ಬೇಕೆಂದೇ ಮಾಡಿದೆ.

ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು; ನೀನು ಹಿರಿಯಳು. ನಿನ್ನ ಮಗಳು ಮೇಘಳನ್ನು ತೊಟ್ಟಿಲಿಗೆ ಹಾಕಿದ ದಿನ ಕುಮಟೆಯ ಮನೆ ತುಂಬ ನೆಂಟರು. ನನ್ನ ಎರಡನೆಯ ಬಸಿರು ಕಳೆದು ತಿಂಗಳಾಗಿತ್ತಷ್ಟೆ. ಆದರೂ ನಗುತ್ತ ಓಡಾಡಿದೆ. ನಿನ್ನ ಅಮ್ಮ ತನ್ನ ಹಳೆಯ ಸೀರೆಗಳಿಂದ ಹೊಲಿದು ತಂದಿದ್ದ ಕೌದಿಯನ್ನು ತೊಟ್ಟಿಲಿಗೆ ಹಾಸಲು ಬಗ್ಗಿದೆ. ನೀನು ಅದನ್ನು ನನ್ನ ಕೈಯಿಂದ ಎಳೆದುಕೊಂಡೆ.

“ನೀ ಹಾಸೂದು ಬೇಡ. ನಿನ್ನ ಹೊಟ್ಟೇಲಿ ಒಂದೂ ನಿಲ್ಲೂದಿಲ್ಲ.”

ನಾನು ಪಂಕ್ತಿಗೆ ಪಾಯಸ ಬಡಿಸಿದೆ. ಆ ಮಾತು ಮಾತ್ರ — ಉಣ್ಣುವಾಗ, ತಲೆ ಬಾಚುವಾಗ, ಗಂಡ ಪಕ್ಕದಲ್ಲಿ ಮಲಗಿದ್ದಾಗ...

ವರ್ಷಗಳು ಕಳೆದವು. ನಿನ್ನ ಅಮ್ಮ ತೀರಿಕೊಂಡರು. ಭಾವನಿಗೆ ಭಟ್ಕಳಕ್ಕೆ ವರ್ಗವಾದಾಗ, ಅಲ್ಲಿನ ಬಾಡಿಗೆಮನೆ ಸೋರುತ್ತದೆಂದು ನೀನು ನಿನ್ನ ಹಲಸಿನ ಮರದ ಕಪಾಟನ್ನು ಹೊನ್ನಾವರದ ನನ್ನ ಮನೆಗೆ ತಂದಿಟ್ಟೆ. ಕೌದಿಗಳನ್ನು ಒಗೆದು ನನ್ನ ಹಗ್ಗದ ಮೇಲೆ ಹರವಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

“ಪೂರ್ತಿ ಒಣಗಿದ ಮೇಲೇ ಮಡಚು, ಆತಾ? ಮರಕ್ಕೆ ತಾಗಬಾರ್ದು, ಅಡಿಗೆ ಹಳೇ ಪಂಚೆ ಹಾಸು. ಬೇವಿನೆಲೆ ಇಡು. ಮೇಘನ ಬಾಣಂತನಕ್ಕೆ ಬೇಕು ಅದು.”

ನೀನು ಮರೆತಿದ್ದೆ. ಅಂದು ಆಡಿದ್ದನ್ನು ನಿಜವಾಗಿಯೂ ಮರೆತಿದ್ದೆ — ಅದೇ ನನ್ನನ್ನು ಸುಟ್ಟಿತು.

ಹೇಳಿದ್ದರಲ್ಲಿ ಒಂದನ್ನೂ ನಾನು ಮಾಡಲಿಲ್ಲ. ಇನ್ನೂ ಹಸಿಯಾಗಿದ್ದ ಕೌದಿಗಳನ್ನು ಬರಿಯ ಹಲಗೆಯ ಮೇಲೆ ಒತ್ತಿ ತುಂಬಿದೆ. ಬೀಗ ಹಾಕಿದೆ. ಆ ಮಳೆಗಾಲವಿಡೀ — ಹೇಳಿಯೇಬಿಡುತ್ತೇನೆ — ಕಪಾಟಿನ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು. ಬಾಗಿಲ ಸಂದಿಗೆ ಮೂಗು ಹಚ್ಚಿ, ಮುಗ್ಗಲು ವಾಸನೆ ಎಷ್ಟು ಏರಿತೆಂದು ನೋಡಿದ್ದೇನೆ.

ನವರಾತ್ರಿಗೆ ನೀನು ಬಂದು ಕಪಾಟು ತೆರೆದೆ. ಮರದ ಹಳದಿ ಕಲೆ, ಬೂಷ್ಟಿನ ಕಪ್ಪು ಚುಕ್ಕೆ. ಎತ್ತಿದಲ್ಲೆಲ್ಲ ನಿನ್ನ ಅಮ್ಮನ ಸೀರೆ ಹರಿದು ಕೈಗೆ ಬಂತು. ನೀನು ಬೈಯಲೆಂದು ನಾನು ಕಾದೆ. ತಿರುಗಿ ಹೇಳಲು ನನ್ನಲ್ಲಿ ಮಾತು ಸಿದ್ಧವಿತ್ತು. ನೀನು ನೆಲದ ಮೇಲೆ ಕುಸಿದು ಕೂತೆ.

“ಇಲ್ಲಿಟ್ಟದ್ದು ನಾನೇ ಅಲ್ದಾ. ನಿಂದೆಂತ ತಪ್ಪು?”

“ಮಳೆ ಹಾಗಿತ್ತು ಅಕ್ಕಾ,” ಎಂದೆ.

ಮೇಘ ಈಗ ತುಂಬು ಬಸುರಿ, ಹೆರಿಗೆಗೆಂದು ನಿನ್ನ ಬಳಿ ಬಂದಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು: “ಚಿಕ್ಕಮ್ಮಾ, ಅಜ್ಜಿ ಕೌದಿ ಒಂದೂ ಉಳೀಲಿಲ್ವಾ?” ಇವಳು ನನಗೆ ಏನು ಮಾಡಿದ್ದಳು? ಅಂದು ಕಣ್ಣು ಮುಚ್ಚಿ ಮಲಗಿದ್ದ ಕೂಸು ಅವಳು...

ನಾಳೆ ಭಟ್ಕಳಕ್ಕೆ ಬರುತ್ತೇನೆ. ಮೇಘಳ ಎದುರೇ ಇಷ್ಟನ್ನೂ ಹೇಳುತ್ತೇನೆ. ನಿನ್ನ ಮೇಲಿನ ಸಿಟ್ಟು ಇಳಿದಿದೆಯೆಂದು ಮಾತ್ರ ಹೇಳಲಾರೆ — ಇಳಿದಿಲ್ಲ. ಎಲ್ಲ ಕೇಳಿದ ಮೇಲೆ ಹೊರಗೆ ಹೋಗು ಎಂದರೆ, ಹೋಗುತ್ತೇನೆ.